ಸೈಕಲ್ ಸೀಟಿಗೆ ಎಷ್ಟು ಎತ್ತರ, ಎಷ್ಟು ದುಡ್ಡು?

9,000 ರೂಪಾಯಿಯ ಸೈಕಲ್ಲಿಗೆ ಬರೀ ‘ಫಿಟ್ಟಿಂಗ್’ ಮಾಡಿಸಲು 3,500 ರೂಪಾಯಿ ಕೊಡಬೇಕೆ? ಮೈಸೂರಿನ ನಮ್ಮ ಮನೆಯಲ್ಲಿ ಕಳೆದ ತಿಂಗಳಿಡೀ ಇದೇ ಚರ್ಚೆ. ಎಂಟನೇ ತರಗತಿಯ ಮೊಮ್ಮಗಳು ದಿನಾ 4 ಕಿಲೋಮೀಟರ್ ಸೈಕಲ್ ತುಳಿದು ಶಾಲೆಗೆ ಹೋಗುತ್ತಾಳೆ. ಮಂಡಿಯ ಮುಂಭಾಗ ನೋವು ಎನ್ನತೊಡಗಿದಳು. ಸೈಕಲ್ ಮಾರಿ ವ್ಯಾನಿಗೆ ಸೇರಿಸೋಣ ಎಂದಳು ಸೊಸೆ. ಅಂಗಡಿಯವರು ಹೇಳಿದಂತೆ ಫಿಟ್ಟಿಂಗ್ ಮಾಡಿಸೋಣ ಎಂದ ಮಗ. “ತಾತ, ವ್ಯಾನ್ ಮಾತ್ರ ಬೇಡ” ಎಂದು ಅವಳ ಗೋಗರೆತ. ದುಡ್ಡು ನನ್ನ ಪಿಂಚಣಿಯಿಂದ ಬರಬೇಕಾದ್ದರಿಂದ ತೀರ್ಮಾನವೂ ನನ್ನ ಪಾಲಿಗೇ ಬಂತು.

ದರ್ಜಿ ಅಂಗಿಗೆ ಅಳತೆ ತೆಗೆಯುವ ಹಾಗೆ, ಸವಾರರ ಮೈಕಟ್ಟಿಗೆ ಸೈಕಲ್ಲನ್ನು ಹೊಂದಿಸುವುದೇ ಫಿಟ್ಟಿಂಗ್. ಸೈಕಲ್ಲನ್ನು ಸ್ಟ್ಯಾಂಡಿಗೆ ಬಿಗಿದು ತುಳಿಯಲು ಹೇಳುತ್ತಾರೆ. ಮಂಡಿ, ಸೊಂಟ, ಮೊಣಕೈ ಎಷ್ಟು ಡಿಗ್ರಿ ಮಡಚುತ್ತವೆ ಎಂದು ನೋಡಿ ಸೀಟು, ಹ್ಯಾಂಡಲ್ ಸರಿಸುತ್ತಾರೆ. ತಾಳ್ಮೆಯ ಕೆಲಸ, ಕೂಲಿ ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಇವಳು ಬೆಳೆಯುವ ಹುಡುಗಿ. ಲಂಗಕ್ಕಾದರೆ ಅಂಚು ಮಡಿಸಿ ಹೊಲಿಸಬಹುದು. ಆರು ತಿಂಗಳಲ್ಲಿ ಕಾಲು ಉದ್ದವಾದರೆ ಈ ಅಳತೆಗೆ ಏನು ಮಾಡುವುದು?

ದೊಡ್ಡವರ ಸೈಕಲ್ಲಿನ ತ್ರಿಕೋನದೊಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆದು ಕಲಿತವರು ನಾವು. ನಮ್ಮ ವಾರಿಗೆಯವರಿಗೆಲ್ಲ ನೆನಪಿರಬೇಕು. ಹಾಗೆಂದು “ನಮಗೇನಾಗಿತ್ತು?” ಎಂದು ಮಗುವಿನ ನೋವನ್ನು ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ. ಸೀಟು ತೀರಾ ತಗ್ಗಿದ್ದರೆ ಮಂಡಿ ಅತಿಯಾಗಿ ಮಡಚಿ ಸಾಮಾನ್ಯವಾಗಿ ಮುಂದೆ ನೋಯುತ್ತದೆ. ತೀರಾ ಎತ್ತರವಾದರೆ ಹಿಂದೆ.

ಟೂರ್ ದ ಫ್ರಾನ್ಸ್ ಸ್ಪರ್ಧೆಯನ್ನು 1986, 1989, 1990ರಲ್ಲಿ ಗೆದ್ದ ಅಮೆರಿಕದ ಗ್ರೆಗ್ ಲೆಮಾಂಡ್ ಹೆಸರಿನಲ್ಲಿ ಒಂದು ಲೆಕ್ಕವಿದೆ. ಗಣಿತದ ಮೇಷ್ಟರಾಗಿದ್ದ ನನಗೆ ಅದು ಹಿಡಿಸಿತು. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ದಪ್ಪ ರಟ್ಟಿನ ಪುಸ್ತಕವೊಂದನ್ನು ತೊಡೆಗಳ ನಡುವೆ ಮೇಲಕ್ಕೆ ಒತ್ತಿ ಹಿಡಿಯಬೇಕು. ಪುಸ್ತಕದ ಮೇಲಂಚಿಗೆ ಗೋಡೆಯ ಮೇಲೆ ಗೆರೆ ಎಳೆದು, ನೆಲದಿಂದ ಅಳೆಯಬೇಕು. ಮೊಮ್ಮಗಳದು 72 ಸೆಂಟಿಮೀಟರ್. ಅದನ್ನು 0.883ರಿಂದ ಗುಣಿಸಿದರೆ ಸುಮಾರು 63.6. ಪೆಡಲುಗಳು ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗಕ್ಕೆ ಇರಬೇಕಾದ ಅಂತರ ಅಷ್ಟು. ಅವಳ ಸೈಕಲ್ಲಿನಲ್ಲಿ ಇದ್ದದ್ದು 58!

ಈ ಲೆಕ್ಕ ದೊಡ್ಡವರಿಗಾಗಿ ಮಾಡಿದ್ದು, ಹಾಗಾಗಿ ಇನ್ನೊಂದು ಪರೀಕ್ಷೆಯನ್ನೂ ಮಾಡಿದೆವು. ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು, ಅದನ್ನು ತೀರಾ ಕೆಳಕ್ಕೆ ತಂದಾಗ ಕಾಲು ನೆಟ್ಟಗಾಗಬೇಕು. ಮುಂಗಾಲಿಟ್ಟು ತುಳಿಯುವಾಗ ಮಂಡಿ ತುಸು ಮಡಚಿರಬೇಕು. ಎರಡು ಮೂರು ದಿನಕ್ಕೊಮ್ಮೆ ಒಂದೊಂದು ಸೆಂಟಿಮೀಟರ್ ಏರಿಸುತ್ತ 63ಕ್ಕೆ ನಿಲ್ಲಿಸಿದೆವು. “ತಾತ, ಕಾಲು ನೆಲಕ್ಕೆ ಎಟುಕಲ್ಲ!” ಎಂದು ಹೆದರಿದಳು. ನಿಲ್ಲಿಸುವಾಗ ಸೀಟಿನಿಂದ ಮುಂದಕ್ಕೆ ಇಳಿದು ಕಾಲೂರುವುದನ್ನು ಅಂಗಳದಲ್ಲೇ ಅಭ್ಯಾಸ ಮಾಡಿಸಿದೆ. ಈಗತಾನೇ ಕಲಿಯುವ ಪುಟಾಣಿಗಳಿಗೆ ಮಾತ್ರ ಎರಡೂ ಪಾದ ನೆಲ ಮುಟ್ಟುವಂತೆ ಸೀಟು ತಗ್ಗಿನಲ್ಲೇ ಇರಲಿ. ಸೀಟಿನ ಕಂಬದ ಮೇಲೆ ಮಿತಿಯ ಗೆರೆ ಇರುತ್ತದೆ. ಅದು ಹೊರಗೆ ಕಾಣುವಷ್ಟು ಏರಿಸಬೇಡಿ, ಕಂಬ ಮುರಿದೀತು.

ಮೂರು ವಾರಕ್ಕೆ ನೋವಿನ ಮಾತು ನಿಂತಿತು. ನಿಲ್ಲದಿದ್ದರೆ ಸೈಕಲ್ ಅಂಗಡಿಗಲ್ಲ, ಡಾಕ್ಟರ ಬಳಿಗೆ ಹೋಗಬೇಕಿತ್ತು. 3,500 ಉಳಿಯಿತು. ಆದರೆ ಬೆಂಗಳೂರಿನ ನನ್ನ ತಂಗಿಯ ಮಗ ಫಿಟ್ಟಿಂಗ್‌ಗೆ ದುಡ್ಡು ಕೊಟ್ಟಾಗ ನಾನೇ ಸರಿ ಎಂದೆ. ಅವನು ಭಾನುವಾರಗಳಂದು ನಂದಿ ಬೆಟ್ಟಕ್ಕೆ ಹೋಗಿಬರುವವನು, ನೂರು ಕಿಲೋಮೀಟರಿನ ಮೇಲಾಗುತ್ತದೆ. ಬೆರಳು ಜೋಮು ಹಿಡಿಯುತ್ತಿದ್ದವು. ಅವನ ಕಾಲು ಇನ್ನು ಬೆಳೆಯುವುದೂ ಇಲ್ಲ.

ಸುದ್ದಿ ಹಬ್ಬಿ, ಈಗ ಪಕ್ಕದ ಮನೆಯ ಹುಡುಗನ ಸೈಕಲ್ಲೂ ನಮ್ಮ ಅಂಗಳದಲ್ಲಿದೆ. ಅದರ ಸೀಟಿನ ಕಂಬ ತುಕ್ಕು ಹಿಡಿದು ಅಲುಗುತ್ತಿಲ್ಲ. ಎರಡು ದಿನದಿಂದ ಎಣ್ಣೆ ಬಿಡುತ್ತಿದ್ದೇವೆ.