ಗಣಕಸಂಪರ್ಕದ ಉಪಸಂಹಾರವಿಚಾರ

ಎರಡು ಗಣಕಯಂತ್ರಗಳು ತಮ್ಮೊಳಗೆ ನಡೆಸುವ ಸಂಭಾಷಣೆಗೆ ಉಪಕ್ರಮವಿರುವಂತೆ ಉಪಸಂಹಾರವೂ ಉಂಟು. ಉಪಕ್ರಮದಲ್ಲಿ ತಪ್ಪಿದರೆ ಮಾತೇ ಹುಟ್ಟದು. ಆ ದೋಷವು ಒಡನೆಯೇ ತೋರುವುದು. ಉಪಸಂಹಾರದಲ್ಲಿ ತಪ್ಪಿದರೆ ಕಡೆಯ ಮಾತುಗಳು ಲೋಪವಾಗುವುವು. ಆಡಿದವನಿಗೆ ಅದು ತಿಳಿಯದೆಯೇ ಹೋಗಬಹುದು. ಆದುದರಿಂದ ಉಪಸಂಹಾರವು ವಿಶೇಷವಾಗಿ ವಿಚಾರಾರ್ಹವಾದುದು.

ಈ ಸಂಭಾಷಣೆಯನ್ನು ಆಳುವ ನಿಯಮಸಮುಚ್ಚಯಕ್ಕೆ ಟಿಸಿಪಿ ಎಂದು ಹೆಸರು. ಇದರ ಮೂಲಕಲ್ಪನೆಯನ್ನು ಅಮೆರಿಕದ ವಿಂಟ್ ಸರ್ಫ್, ರಾಬರ್ಟ್ ಕಾನ್ ಎಂಬಿಬ್ಬರು 1974ರಲ್ಲಿ ಪ್ರಕಟಿಸಿದರು. 1981ರಲ್ಲಿ ಜಾನ್ ಪೋಸ್ಟೆಲ್ಲರ ಸಂಪಾದಕತ್ವದಲ್ಲಿ ಹೊರಟ ನಿಯಮಪತ್ರವು 2022ರಲ್ಲಿ ಪರಿಷ್ಕೃತವಾಯಿತು. ಈ ನಿಯಮದಂತೆ ಸಂಪರ್ಕವೊಂದರಲ್ಲಿ ಎದುರೆದುರಾಗಿ ಹರಿಯುವ ಎರಡು ಪ್ರವಾಹಗಳಿರುವುವು. ಒಂದೊಂದನ್ನೂ ಬೇರೆಬೇರೆಯಾಗಿ ಮುಗಿಸತಕ್ಕದ್ದು. ತನ್ನ ಮಾತು ಮುಗಿದವನು ಫಿನ್ ಎಂಬ ಸಂಕೇತವನ್ನು ಕಳುಹಿಸುವನು. ಎದುರಿನವನು ಆಕ್ ಎಂಬ ಸ್ವೀಕೃತಿಯನ್ನು ಕೊಡುವನು. ಎದುರಿನವನ ಮಾತು ಮುಗಿದಾಗಲೂ ಇದೇ ಕ್ರಮ. ಫಿನ್ ಕಳುಹಿಸಿದವನು ಆಡುವುದನ್ನು ಬಿಟ್ಟನೇ ಹೊರತು ಕೇಳುವುದನ್ನು ಬಿಡಲಿಲ್ಲವೆಂಬುದೇ ಇಲ್ಲಿಯ ಮರ್ಮ.

ಪ್ರೋಗ್ರಾಮು ಬರೆಯುವವರು ಎಡವುವುದು ಈ ಭೇದವನ್ನು ಮರೆತಾಗಲೇ. ಅವರಿಗೆ ಎರಡು ಆಜ್ಞೆಗಳು ಲಭ್ಯವಾಗಿವೆ. ಕ್ಲೋಸ್ ಎಂಬುದು ಆಡುವುದನ್ನೂ ಕೇಳುವುದನ್ನೂ ಒಟ್ಟಿಗೆ ತ್ಯಜಿಸುವುದು. ಷಟ್‌ಡೌನ್ ಎಂಬುದರಿಂದ ಆಡುವುದನ್ನು ಮಾತ್ರ ನಿಲ್ಲಿಸಬಹುದು. ಬಂದ ಮಾತನ್ನು ಓದದೆ ಉಳಿಸಿಕೊಂಡು ಕ್ಲೋಸ್ ಮಾಡಿದರೆ, ಫಿನ್‌ಗೆ ಬದಲಾಗಿ ರೀಸೆಟ್ ಎಂಬ ಭಂಗಸಂಕೇತವನ್ನು ಕಳುಹಿಸಬೇಕೆಂದು 1989ರ ನಿಯಮಪತ್ರವು ಸೂಚಿಸಿದೆ. ಅದು ಮುಟ್ಟಿದೊಡನೆ, ಎದುರಿನವನು ಇನ್ನೂ ಓದದಿದ್ದ ಕಡೆಯ ಮಾತುಗಳೂ ನಾಶವಾಗಬಹುದು. ಆದಕಾರಣ ಮೊದಲು ಷಟ್‌ಡೌನ್‌ನಿಂದ ತನ್ನ ಮಾತನ್ನು ಮುಗಿಸಿ, ಬಳಿಕ ಎದುರಿನ ಪ್ರವಾಹವು ಮುಗಿಯುವವರೆಗೂ ಓದಿ, ಕಡೆಯಲ್ಲಿ ಕ್ಲೋಸ್ ಮಾಡುವುದೇ ಸುಕ್ರಮವು.

ಇಲ್ಲಿ ಒಂದು ಶಂಕೆ: ಆಕ್ ಬಂದಮೇಲೆ ಮಾತು ಸಂದಿತೆಂದು ನಂಬಬಾರದೇಕೆ? ಸಮಾಧಾನವಿದು: ಓಲೆಯು ಬಾಗಿಲಿಗೆ ಮುಟ್ಟಿತೆಂಬುದು ಬೇರೆ, ಮನೆಯೊಡೆಯನು ಓದಿದನೆಂಬುದು ಬೇರೆ. ಆಕ್ ಎಂಬುದು ಎದುರಿನ ಯಂತ್ರವು ಕೊಟ್ಟ ಸ್ವೀಕೃತಿಯೇ ಹೊರತು ಅಲ್ಲಿಯ ಪ್ರೋಗ್ರಾಮು ಕೊಟ್ಟುದಲ್ಲ. ಹಣದ ಲೆಕ್ಕ ಮೊದಲಾದ ಗುರುತರ ವ್ಯವಹಾರಗಳಲ್ಲಿ ಪ್ರೋಗ್ರಾಮೇ ಪ್ರತ್ಯೇಕವಾಗಿ ಉತ್ತರ ಕೊಡುವಂತೆ ವಿಧಿಸತಕ್ಕದ್ದು.

ಮತ್ತೊಂದು ಶಂಕೆ: ಕಡೆಯ ಆಕ್ ಮುಟ್ಟಿತೆಂದು ತಿಳಿಯುವುದೆಂತು? ಅದಕ್ಕೂ ಸ್ವೀಕೃತಿ ಬೇಕೆಂದರೆ ಆ ಸ್ವೀಕೃತಿಗೆ ಇನ್ನೊಂದು ಬೇಕಾಗಿ, ತಾರ್ಕಿಕರು ಹೇಳುವ ಅನವಸ್ಥಾದೋಷವು ಒದಗುವುದು. ಇದನ್ನು ನಿಯಮಕಾರರು ಕಾಲದಿಂದ ಪರಿಹರಿಸಿದರು. ಮೊದಲು ಮುಗಿಸಿದವನು ಕಡೆಯ ಆಕ್ ಕಳುಹಿಸಿ, ಟೈಮ್-ವೇಟ್ ಎಂಬ ಸ್ಥಿತಿಯಲ್ಲಿ ಕಾದಿರುವನು. ಆ ಆಕ್ ದಾರಿಯಲ್ಲಿ ಕಳೆದುಹೋದರೆ ಎದುರಿನ ಫಿನ್ ಮರಳಿ ಬರುವುದು. ಆಗ ಇವನು ಮತ್ತೆ ಉತ್ತರಿಸುವನು. ಸಂದೇಶಖಂಡವೊಂದರ ಪರಮಾಯುಸ್ಸನ್ನು 1981ರ ಪತ್ರವು 2 ನಿಮಿಷವೆಂದು ಗ್ರಹಿಸಿ, ಅದರ ಇಮ್ಮಡಿಯಾದ 4 ನಿಮಿಷಗಳ ಕಾಯುವಿಕೆಯನ್ನು ವಿಧಿಸಿತು. ಲಿನಕ್ಸ್ ವ್ಯವಸ್ಥೆಯಲ್ಲಿ ಇದು 60 ಸೆಕೆಂಡು. ಹಳೆಯ ಸಂಪರ್ಕದ ಖಂಡಗಳು ತಡವಾಗಿ ಬಂದು, ಅದೇ ವಿಳಾಸಗಳ ನಡುವಣ ಹೊಸ ಸಂಪರ್ಕದಲ್ಲಿ ಬೆರೆಯದಂತೆಯೂ ಈ ಕಾಯುವಿಕೆಯು ರಕ್ಷಿಸುವುದು. ಇದನ್ನು ವ್ಯರ್ಥವೆಂದೆಣಿಸಿ ನೀಗಲು ರೀಸೆಟ್ಟನ್ನು ಬಳಸುವವರು ಈ ಎರಡು ರಕ್ಷೆಗಳನ್ನೂ ಕಳೆದುಕೊಳ್ಳುವರೆಂದು ತಿಳಿಯತಕ್ಕದ್ದು.