ಗಡುಸು ಹಾಳೆ, ಮೃದು ಹಾಳೆ: ಔಷಧಿ ಸಿಂಪಡಿಸುವವರ ಮೈಗೆ ಯಾವುದು ಹಿತ?

ದ್ರಾಕ್ಷಿ ಚಪ್ಪರದ ಕೆಳಗೆ ನಿಂತು ಔಷಧಿ ಸಿಂಪಡಿಸುವವರ ಮೈಮೇಲೆ ಆ ದ್ರಾವಣವು ಎರಡು ಕಡೆಯಿಂದ ಬೀಳುತ್ತದೆ. ಮೇಲಕ್ಕೆ ಹಾರಿಸಿದ ಹನಿಗಳು ಎಲೆಗಳಿಂದ ತೊಟ್ಟಿಕ್ಕಿ ತಲೆ, ಕೊರಳು, ಹೆಗಲುಗಳ ಮೇಲೆ ಇಳಿಯುತ್ತವೆ. ಬೆನ್ನಿಗೆ ಕಟ್ಟಿದ ಡಬ್ಬಿಯ ಮುಚ್ಚಳ ತುಸು ಸಡಿಲವಾಗಿದ್ದರೂ ಅಂಗಿಯು ಸೊಂಟದವರೆಗೆ ನೆನೆಯುತ್ತದೆ. ಚಿಕ್ಕಬಳ್ಳಾಪುರದ ದ್ರಾಕ್ಷಿ ತೋಟಗಳಲ್ಲಿಯೂ ಚಿಂತಾಮಣಿಯ ಟೊಮೆಟೊ ಹೊಲಗಳಲ್ಲಿಯೂ ಈ ಕಾಯಕವನ್ನು ಬಹುಮಂದಿ ಹಳೆಯ ಅಂಗಿ, ಲುಂಗಿ ಮತ್ತು ತಲೆಗೆ ಸುತ್ತಿದ ಟವಲಿನಲ್ಲಿಯೇ ಮಾಡುತ್ತಾರೆ. ವಿಷವು ಬಾಯಿ, ಮೂಗುಗಳಿಂದ ಮಾತ್ರ ಒಳಸೇರುತ್ತದೆಂಬುದು ಅವರ ನಂಬಿಕೆ. ವಾಸ್ತವದಲ್ಲಿ ಹೆಚ್ಚಿನ ಪಾಲು ಒಳಹೋಗುವುದು ಚರ್ಮದ ಮೂಲಕ. ಅದರಲ್ಲಿಯೂ ತೊಡೆಸಂದಿಯ ಚರ್ಮವು ಮುಂಗೈಯ ಚರ್ಮಕ್ಕಿಂತ ಹಲವು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಔಷಧಿ ಹೊಡೆಯುತ್ತಿದ್ದ ಇಪ್ಪತ್ತಕ್ಕೂ ಹೆಚ್ಚು ರೈತರು ಮತ್ತು ಕೂಲಿಕಾರರು ಪ್ರಾಣ ಕಳೆದುಕೊಂಡುದನ್ನು ಓದುಗರು ಮರೆತಿರಲಾರರು.

ಈಗ ರೈತರಲ್ಲಿ ಕೆಲವರು ಎಚ್ಚೆತ್ತು, ಬಿಳಿಯ ಮೈಮುಚ್ಚುವ ಉಡುಪನ್ನು ಕೊಳ್ಳಲು ಮುಂದಾಗುತ್ತಿರುವುದು ಸಂತೋಷದ ಸಂಗತಿ. ಆದರೆ ಅಂಗಡಿಯಲ್ಲಿ ಅದನ್ನು ಬೆರಳುಗಳ ನಡುವೆ ಹಿಸುಕಿ ನೋಡಿ, ಮೃದುವಾಗಿರುವುದೇ ಒಳ್ಳೆಯದೆಂದು ಒಬ್ಬರು, ಗಡುಸಾಗಿರುವುದೇ ಭದ್ರವೆಂದು ಇನ್ನೊಬ್ಬರು ಆಯ್ದುಕೊಳ್ಳುತ್ತಾರೆ. ಇಬ್ಬರೂ ಮೋಸಹೋಗುವ ಸಂಭವವುಂಟು.

ಈ ಹಾಳೆಯನ್ನು ಮಗ್ಗದಲ್ಲಿ ನೇಯ್ದಿರುವುದಿಲ್ಲ. ಹಾಸು ಹೊಕ್ಕುಗಳಿಲ್ಲದೆ, ಪ್ಲಾಸ್ಟಿಕ್ಕಿನ ಎಳೆಗಳನ್ನು ಒಂದರ ಮೇಲೊಂದು ಚೆಲ್ಲಿ ಬೆಸೆದಿರುವುದರಿಂದ ಇದಕ್ಕೆ ನೇಯದ ಹಾಳೆ ಅಥವಾ ನಾನ್‌ವೋವನ್ ಎಂದು ಹೆಸರು. ಶಿಡ್ಲಘಟ್ಟದ ಕಡೆಯ ಓದುಗರಿಗೆ ಇದನ್ನು ವಿವರಿಸುವುದು ಸುಲಭ, ಏಕೆಂದರೆ ರೇಷ್ಮೆಗೂಡು ಕೂಡ ನೇಯದ ಹಾಳೆಯೇ. ಹುಳುವು ತಲೆಯಾಡಿಸುತ್ತ ಒಂದೇ ಎಳೆಯನ್ನು ಸುರುಳಿ ಸುರುಳಿಯಾಗಿ ಸುತ್ತುತ್ತದೆ. ಎಳೆಯ ಮೇಲಿನ ಅಂಟು ಒಣಗಿ ಎಲ್ಲೆಡೆ ಹಿಡಿದುಕೊಳ್ಳುವುದರಿಂದ ಗೂಡು ಗಟ್ಟಿಯಾಗುತ್ತದೆ. ಅದೇ ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿದರೆ ಅಂಟು ಸಡಿಲಗೊಂಡು ಮೆತ್ತಗಾಗುತ್ತದೆ. ಎಳೆ ಬದಲಾಗಲಿಲ್ಲ, ಬೆಸುಗೆ ಮಾತ್ರ ಬದಲಾಯಿತು. ಪ್ಲಾಸ್ಟಿಕ್ ಹಾಳೆಯ ಗಡಸುತನ, ಮೃದುತ್ವಗಳ ರಹಸ್ಯವೂ ಇಷ್ಟೇ.

ಇಂತಹ ಹಾಳೆಗಳಲ್ಲಿ ಹೆಸರಾದುದು ಟೈವೆಕ್. 1955ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ ಒಂದು ಕೊಳವೆಯಿಂದ ಬಿಳಿಯ ನೂಲಿನ ತುಪ್ಪಟದಂತಹ ವಸ್ತು ಹೊರಬರುತ್ತಿದ್ದುದನ್ನು ಸಂಶೋಧಕರೊಬ್ಬರು ಗಮನಿಸಿದರು. 1967ರಿಂದ ಅದು ಮಾರುಕಟ್ಟೆಗೆ ಬಂದಿತು. ಪಾಲಿಎಥಿಲೀನನ್ನು ದ್ರಾವಕದಲ್ಲಿ ಕರಗಿಸಿ, ಅಧಿಕ ಒತ್ತಡದಿಂದ ಸಣ್ಣ ರಂಧ್ರದ ಮೂಲಕ ಹೊರಬಿಟ್ಟಾಗ ದ್ರಾವಕವು ಕ್ಷಣಮಾತ್ರದಲ್ಲಿ ಆವಿಯಾಗಿ ಅತಿ ಸೂಕ್ಷ್ಮವಾದ ಎಳೆಗಳ ಬಲೆ ಉಳಿಯುತ್ತದೆ. ಆ ಬಲೆಯನ್ನು ಶಾಖ ಮತ್ತು ಒತ್ತಡಗಳಿಂದ ಬೆಸೆಯುತ್ತಾರೆ.

ಹಾಳೆಯ ಇಡೀ ಮೈಯನ್ನು ಬೆಸೆದರೆ ದೊರೆಯುವುದು ಗಡುಸು ಬಗೆ. ಇದನ್ನು ಹತ್ತನೆಯ ಸಂಖ್ಯೆಯಿಂದ ಗುರುತಿಸುತ್ತಾರೆ. ನುಣುಪಾಗಿ ಕಾಗದದಂತೆ ಇರುತ್ತದೆ, ಮಡಿಸಿದರೆ ಸಪ್ಪಳ ಮಾಡುತ್ತದೆ, ಹರಿಯಲು ಯತ್ನಿಸಿದರೆ ಸುಲಭವಾಗಿ ಹರಿಯುವುದಿಲ್ಲ. ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ಉಪಕರಣ, ಕ್ಯಾಥೆಟರ್ ಮೊದಲಾದವು ಒಂದು ಬದಿ ಪಾರದರ್ಶಕವಾಗಿಯೂ ಇನ್ನೊಂದು ಬದಿ ಬಿಳಿಯಾಗಿಯೂ ಇರುವ ಲಕೋಟೆಯಲ್ಲಿ ಬರುವುದನ್ನು ನೋಡಿದ್ದೀರಷ್ಟೆ. ಆ ಬಿಳಿಯ ಬದಿಯು ಅನೇಕ ವೇಳೆ ಈ ಗಡುಸು ಹಾಳೆಯೇ. ಮುಚ್ಚಿದ ಮೇಲೆಯೂ ಕ್ರಿಮಿನಾಶಕ ಅನಿಲವು ಅದರ ಮೂಲಕ ಒಳಹೊಕ್ಕು ಹೊರಬರಬಲ್ಲದು, ಆದರೆ ರೋಗಾಣುಗಳು ದಾಟಲಾರವು. ರೋಗಿಯ ಬಳಿ ಇರುವವರು ಅಂತಹ ಲಕೋಟೆಯನ್ನು ಚುಚ್ಚದೆ, ನೆನೆಸದೆ, ಬಳಸುವವರೆಗೆ ಬಿಚ್ಚದೆ ಇಟ್ಟರೆ ಸಾಕು. ಉಡುಪಿಗೆ ಮಾತ್ರ ಇದು ಒಗ್ಗದು. ಬಾಗಿ ಏಳುವ ಮೈಗೆ ಕಾಗದದ ಅಂಗಿ ತೊಡಿಸಿದಂತಾಗುತ್ತದೆ.

ಇಡೀ ಮೈಗೆ ಬದಲಾಗಿ ಚುಕ್ಕೆ ಚುಕ್ಕೆಯಾಗಿ ಬೆಸೆದರೆ ಚುಕ್ಕೆಗಳ ನಡುವಿನ ಎಳೆಗಳು ಅಲುಗಾಡಲು ಸ್ವತಂತ್ರವಾಗಿರುತ್ತವೆ, ಹಾಳೆ ಬಟ್ಟೆಯಂತೆ ಜೋಲುತ್ತದೆ. ಇದು ಮೃದು ಬಗೆ. ಇದರಲ್ಲಿಯೇ ಎರಡು ಒಳಬಗೆಗಳಿವೆ, ಕೊಳ್ಳುವವರು ಎಡವುವುದು ಇಲ್ಲಿಯೇ. ಹದಿನಾಲ್ಕನೆಯ ಸಂಖ್ಯೆಯದು ಅಖಂಡವಾದ ಹಾಳೆ. ಧೂಳನ್ನೂ ಲಘುವಾದ ಹನಿಯನ್ನೂ ತಡೆಯುತ್ತ, ಬೆವರಿನ ಆವಿಗೆ ತಕ್ಕಮಟ್ಟಿಗೆ ದಾರಿ ಬಿಡುತ್ತದೆ. ಹದಿನಾರನೆಯದರಲ್ಲಿ ಸೂಜಿಯಿಂದ ಚುಚ್ಚಿದಂತಹ ರಂಧ್ರಗಳಿರುತ್ತವೆ. ಎಲ್ಲಕ್ಕಿಂತ ಮೃದು, ಎಲ್ಲಕ್ಕಿಂತ ತಂಪು. ಆದರೆ ಆ ರಂಧ್ರಗಳು ಒಂದು ಮಿಲಿಮೀಟರಿನ ಎಂಟನೆಯ ಒಂದು ಭಾಗದಿಂದ ಅರ್ಧದವರೆಗೆ ಇರುತ್ತವೆ. ನುಣ್ಣನೆಯ ಸಿಂಪರಣೆಯ ಹನಿಗಳಲ್ಲಿ ಅನೇಕವು ಅದಕ್ಕಿಂತ ಚಿಕ್ಕವು. ಗಾಳಿಗೆ ತೆರೆದ ಬಾಗಿಲು ವಿಷಕ್ಕೂ ತೆರೆದೇ ಇರುತ್ತದೆ. ಕೊಳ್ಳುವಾಗ ಹಾಳೆಯನ್ನು ಸೂರ್ಯನ ಬೆಳಕಿಗೆ ಹಿಡಿದು ನೋಡುವುದು ಒಳ್ಳೆಯದು. ಚುಕ್ಕೆ ಚುಕ್ಕೆಯಾಗಿ ಬೆಳಕು ತೂರಿಬಂದರೆ ಅದು ಔಷಧಿ ಹೊಡೆಯುವ ಕೆಲಸಕ್ಕೆ ತಕ್ಕುದಲ್ಲ.

ಇನ್ನು ಅಂಗಡಿಗಳಲ್ಲಿ ಸಾಮಾನು ತುಂಬಿಕೊಡುವ ನೇಯದ ಚೀಲದ ಬಟ್ಟೆಯ ವಿಷಯ. ಇದನ್ನು ಬಟ್ಟೆಯೆಂದೇ ತಿಳಿದವರು ಬಹಳ. ಇದು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್. ಒಂದು ಚದರ ಮೀಟರಿಗೆ 60 ಗ್ರಾಂಗಿಂತ ಕಡಿಮೆ ತೂಗುವ ಇಂತಹ ಚೀಲಗಳನ್ನು ಕೇಂದ್ರ ಸರ್ಕಾರವು 2021ರ ಸೆಪ್ಟೆಂಬರ್ 30ರಿಂದ ನಿಷೇಧಿಸಿದೆ. ಇದರ ಎಳೆಗಳು ದಪ್ಪ, ಸಂದುಗಳು ದೊಡ್ಡವು. ಇದರಿಂದ ಹೊಲಿದ ಅಗ್ಗದ ಉಡುಪು ನೋಡಲು ಬಿಳಿಯಾಗಿ ಸೊಗಸಾಗಿದ್ದರೂ ಧೂಳಿನಿಂದ ಬಟ್ಟೆ ಕೊಳೆಯಾಗದಂತೆ ಕಾಯುವುದಕ್ಕಷ್ಟೇ ಯೋಗ್ಯ. ಇದೇ ಬಗೆಯ ಎರಡು ಪದರಗಳ ನಡುವೆ ಅತಿ ಸೂಕ್ಷ್ಮ ಎಳೆಗಳ ಮತ್ತೊಂದು ಪದರವನ್ನು ಇಟ್ಟು ಮಾಡಿದುದನ್ನು ಎಸ್‌ಎಂಎಸ್ ಎನ್ನುತ್ತಾರೆ. ಅದು ಸಾಕಷ್ಟು ಮೇಲು, ಗಾಳಿಯಾಡುತ್ತದೆ, ಆದರೆ ತೊಯ್ಯುವಷ್ಟು ಸಿಂಪರಣೆಯನ್ನು ತಾಳದು. ಕೊರೋನಾ ಕಾಲದಲ್ಲಿ ಉಳಿದ ಉಡುಪುಗಳನ್ನು ತೋಟಕ್ಕೆ ಬಳಸಬಹುದೇ ಎಂದು ಕೇಳುವವರಿದ್ದಾರೆ. ಅವುಗಳನ್ನು ರಕ್ತ ತೂರಿಬರದಂತೆ ಪರೀಕ್ಷಿಸಿದ್ದರೇ ಹೊರತು ಕೀಟನಾಶಕಕ್ಕಾಗಿ ಅಲ್ಲ.

ರಕ್ತಕ್ಕೂ ನೀರಿಗೂ ತಡೆಯೊಡ್ಡಿದ್ದು ಔಷಧಿಗೇಕೆ ಒಡ್ಡದು? ಈ ಹಾಳೆಗಳ ಮೇಲೆ ಬರಿಯ ನೀರು ಚಿಮುಕಿಸಿದರೆ ಕೆಸುವಿನ ಎಲೆಯ ಮೇಲಿನಂತೆ ಮುತ್ತಾಗಿ ಉರುಳುತ್ತದೆ. ಅದನ್ನು ಕಂಡು ಭದ್ರವೆಂದು ನಂಬುವುದು ಸಹಜ. ಆದರೆ ಔಷಧಿಯು ಎಲೆಗೆ ಹರಡಿ ಅಂಟಲೆಂದೇ ನಾವು ಅದರಲ್ಲಿ ಅಂಟುದ್ರಾವಣವನ್ನೋ ಸೋಪಿನ ನೀರನ್ನೋ ಬೆರೆಸುತ್ತೇವೆ. ಎಲೆಯನ್ನು ತೋಯಿಸುವ ಆ ಗುಣವೇ ಉಡುಪಿನ ಸಂದುಗಳಲ್ಲಿಯೂ ದ್ರವವನ್ನು ಒಳಕ್ಕೆ ಹರಿಸುತ್ತದೆ. ಆದಕಾರಣ ನೀರಿನ ಪರೀಕ್ಷೆಯನ್ನು ನೆಚ್ಚದೆ, ಉಡುಪಿನ ಚೀಟಿಯನ್ನು ಓದತಕ್ಕದ್ದು. ಅದರ ಮೇಲೆ ಟೈಪ್ 3, 4, 5, 6 ಎಂಬ ಗುರುತುಗಳಿರುತ್ತವೆ. ಇವು ಮೇಲೆ ಹೇಳಿದ ಹತ್ತು, ಹದಿನಾಲ್ಕುಗಳಿಗೆ ಸಂಬಂಧಿಸಿದವಲ್ಲ; ಅವು ಹಾಳೆಯ ಬಗೆ, ಇವು ಹೊಲಿದ ಉಡುಪಿನ ರಕ್ಷಣೆಯ ಮಟ್ಟ. ಟೈಪ್ 5 ಧೂಳಿಗೆ, ಟೈಪ್ 6 ಲಘುವಾಗಿ ಸಿಡಿಯುವ ಹನಿಗೆ. ಟೈಪ್ 4 ಸಿಂಪರಣೆಗೆ, ಟೈಪ್ 3 ರಭಸವಾಗಿ ಚಿಮ್ಮುವ ದ್ರವಕ್ಕೆ. ಸಂಖ್ಯೆ ಕಿರಿದಾದಷ್ಟೂ ರಕ್ಷಣೆ ಹಿರಿದು.

ಬದನೆ, ಟೊಮೆಟೊಗಳಂತಹ ಮೊಣಕಾಲೆತ್ತರದ ಬೆಳೆಗೆ, ಗಾಳಿ ಬೀಸುವ ದಿಕ್ಕಿಗೆ ಬೆನ್ನು ಮಾಡಿ ಸಿಂಪಡಿಸುವಾಗ, ರಂಧ್ರವಿಲ್ಲದ ಮೃದು ಹಾಳೆಯ ಟೈಪ್ 5 ಮತ್ತು 6ರ ಉಡುಪು ಸಾಕಾದೀತು. ಚಪ್ಪರದ ದ್ರಾಕ್ಷಿಗೆ ಅದು ಸಾಲದು. ಅಲ್ಲಿ ತಲೆ, ಹೆಗಲು, ಬೆನ್ನುಗಳು ನೆನೆಯುವುದರಿಂದ ಹೊಲಿಗೆಯ ಮೇಲೆ ಪಟ್ಟಿ ಅಂಟಿಸಿದ ಟೈಪ್ 4ರ ಉಡುಪೇ ಸರಿ. ಹಾಳೆ ಎಷ್ಟೇ ಉತ್ತಮವಾಗಿರಲಿ, ಹೊಲಿಗೆಯ ಸೂಜಿ ತೂತುಗಳು ಮತ್ತು ಜಿಪ್ಪು ದ್ರವಕ್ಕೆ ಸಿದ್ಧವಾದ ದಾರಿಗಳು. ಅಷ್ಟು ವೆಚ್ಚ ಮಾಡಲಾರದವರು ತುಂಬುತೋಳಿನ ದಪ್ಪ ಹತ್ತಿಯ ಅಂಗಿ, ಪ್ಯಾಂಟಿನ ಮೇಲೆ ಬೆನ್ನು, ಹೆಗಲುಗಳಿಗೆ ಪ್ಲಾಸ್ಟಿಕ್ ಹೊದಿಕೆ ಕಟ್ಟಿಕೊಳ್ಳುವುದು ಅಗ್ಗದ ಚೀಲದ ಬಟ್ಟೆಯ ಉಡುಪಿಗಿಂತ ಮೇಲೆಂದೇ ನನ್ನ ಅಭಿಪ್ರಾಯ. ಯಾವ ಉಡುಪಾದರೂ ಕೈಗವಸು, ಕಾಲಿಗೆ ಗಂಬೂಟು, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಪ್ಯಾಂಟಿನ ಅಂಚು ಬೂಟಿನ ಹೊರಗಿರಲಿ. ಒಳಗೆ ತುರುಕಿದರೆ ಇಳಿದ ದ್ರಾವಣವೆಲ್ಲ ಪಾದದಲ್ಲಿ ನಿಲ್ಲುತ್ತದೆ.

ಭದ್ರವಾದ ಉಡುಪು ಸೆಕೆಯನ್ನೂ ಭದ್ರವಾಗಿ ಹಿಡಿದಿಡುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಅದನ್ನು ತೊಟ್ಟು ಮಧ್ಯಾಹ್ನ ದುಡಿದರೆ ವಿಷದಿಂದಲ್ಲದಿದ್ದರೂ ತಾಪದಿಂದಲೇ ತಲೆಸುತ್ತಿ ಬೀಳಬಹುದು. ಬೆಳಗಿನ ತಂಪಿನಲ್ಲಿ ಆರಂಭಿಸಿ ಬಿಸಿಲೇರುವ ಮುನ್ನ ಮುಗಿಸುವುದೊಂದೇ ದಾರಿ. ಬೀಡಿ ಸೇದುವವರು ತಿಳಿಯಬೇಕಾದುದೆಂದರೆ, ಈ ಹಾಳೆ ಸುಮಾರು 135 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಒಂದು ಕಿಡಿ ಸಾಕು ತೂತು ಬೀಳಲು.

ಹುಳು ಸಾಕುವವರಿಗೆ ಒಂದು ವಿಶೇಷ ಸೂಚನೆ. ಸಾಕಣೆ ಮನೆಗೆ ಸುಣ್ಣ, ಬ್ಲೀಚಿಂಗ್ ಪುಡಿ ಎರಚುವಾಗ ಮೃದು ಹಾಳೆಯ ಉಡುಪು ಚೆನ್ನಾಗಿ ಕಾಯುತ್ತದೆ. ಫಾರ್ಮಾಲಿನ್ ಸಿಂಪಡಿಸುವಾಗ ಅದರ ಮೇಲೆ ಭರವಸೆಯಿಡಬಾರದು. ಫಾರ್ಮಾಲಿನ್ ಏಳುವುದು ಆವಿಯಾಗಿ. ಗಡುಸು, ಮೃದು ಯಾವ ನೇಯದ ಹಾಳೆಯೂ ಆವಿಯನ್ನು ತಡೆಯದು, ಮೂಗಿಗೆ ಕಟ್ಟುವ ಸಾಮಾನ್ಯ ಮುಖಗವಸೂ ತಡೆಯದು. ಅದರಲ್ಲಿರುವ ಫಾರ್ಮಾಲ್ಡಿಹೈಡನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿಯೇ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ. ಆವಿಗೆಂದೇ ಮಾಡಿದ ಇದ್ದಿಲಿನ ಡಬ್ಬಿಯುಳ್ಳ ಮುಖಗವಸು ಇಲ್ಲದವರು ಅದನ್ನು ಮುಟ್ಟದಿರುವುದೇ ಲೇಸು.

ಔಷಧಿ ಹೊಡೆದು ಬಂದವರನ್ನು ಹುಳುಮನೆಯ ಹೊಸ್ತಿಲು ದಾಟಗೊಡದ ಮನೆಗಳಲ್ಲಿಯೂ ಅದೇ ಬಟ್ಟೆಯನ್ನು ಮಕ್ಕಳ ಬಟ್ಟೆಯೊಂದಿಗೆ ನೆನೆಹಾಕಿ, ಮನೆಯ ತಾಯಂದಿರು ಬರಿಗೈಯಲ್ಲಿ ಉಜ್ಜುವುದನ್ನು ಕಾಣುತ್ತೇವೆ. ಹುಳುವಿನ ಮೇಲಿರುವ ಎಚ್ಚರ ಅವರ ಮೇಲೆಯೂ ಇರಬೇಡವೇ? ಹತ್ತಿಯ ಬಟ್ಟೆಯನ್ನು ಬೇರೆಯಾಗಿ, ಕೈಗವಸು ತೊಟ್ಟು, ಅಂದೇ ಒಗೆಯಬೇಕು. ನೇಯದ ಹಾಳೆಯ ಉಡುಪನ್ನಾದರೋ ಒಗೆದು ಮರುಬಳಸುವಂತಿಲ್ಲವೆಂದು ಚೀಟಿಯಲ್ಲಿದ್ದರೆ ಬಳಸಕೂಡದು. ಹರಿದುದನ್ನೂ ಔಷಧಿಯಲ್ಲಿ ತೊಯ್ದುದನ್ನೂ ಒಲೆಗೆ ಹಾಕುವುದು ಅಪಾಯ, ಏಕೆಂದರೆ ವಿಷವು ಹೊಗೆಯಾಗಿ ಮನೆಯನ್ನೇ ಸೇರುತ್ತದೆ. ಕಳಚುವಾಗ ಹೊರಮೈ ಒಳಗಾಗುವಂತೆ ಸುರುಳಿ ಸುತ್ತಿ ಬೇರೆ ಚೀಲದಲ್ಲಿ ಕಟ್ಟಿಡಬೇಕು.

ಉಡುಪು ತೊಟ್ಟವರಿಗೂ ಬಾಯಲ್ಲಿ ಜೊಲ್ಲು, ವಿಪರೀತ ಬೆವರು, ಕಣ್ಣುಪಾಪೆ ಸೂಜಿಮೊನೆಯಷ್ಟಾಗುವುದು, ಸ್ನಾಯುಗಳ ಅದಿರಾಟ ಕಂಡರೆ ಕೂಡಲೇ ಬಟ್ಟೆ ಕಳಚಿ, ಸೋಪಿನಿಂದ ಮೈ ತೊಳೆದು, ಔಷಧಿಯ ಡಬ್ಬಿಯನ್ನೋ ಅದರ ಚೀಟಿಯನ್ನೋ ಜೊತೆಗೆ ಹಿಡಿದು ಆಸ್ಪತ್ರೆಗೆ ಕರೆದೊಯ್ಯಬೇಕು. ಡಬ್ಬಿಯ ಮೇಲಿನ ಕೆಂಪು, ಹಳದಿ, ನೀಲಿ ಅಥವಾ ಹಸಿರು ತ್ರಿಕೋನವು ವಿಷದ ತೀವ್ರತೆಯನ್ನೂ, ಚೀಟಿಯು ಪ್ರತಿವಿಷದ ಹೆಸರನ್ನೂ ವೈದ್ಯರಿಗೆ ತಿಳಿಸುತ್ತವೆ.