ರಾಗಿ ಕಾಳಿನಷ್ಟು ಭೂಮಿ, ಮುದ್ದೆಯಷ್ಟು ಸೂರ್ಯ

ಭೂಮಿ ಒಂದು ಮಿಲಿಮೀಟರ್ ಗಾತ್ರದ ರಾಗಿ ಕಾಳು ಎಂದಿಟ್ಟುಕೊಂಡರೆ ಸೂರ್ಯ ಎಷ್ಟು ದೊಡ್ಡವನಾಗಬೇಕು? ಮಂಡ್ಯ ತಾಲ್ಲೂಕಿನ ಕೆರಗೋಡಿನ ಮಕ್ಕಳಿಗೆ ಉತ್ತರ ತಟ್ಟೆಯಲ್ಲೇ ಇದೆ. 11 ಸೆಂಟಿಮೀಟರ್, ಅಂದರೆ ಚೆನ್ನಾಗಿ ಕಟ್ಟಿದ ಒಂದು ಮುದ್ದೆ. ಸೂರ್ಯನ ವ್ಯಾಸ ಭೂಮಿಯದರ 109 ಪಟ್ಟು.

ಆ ಕಾಳನ್ನು ಮುದ್ದೆಯಿಂದ ಎಷ್ಟು ದೂರ ಇಡಬೇಕು ಎಂಬುದು ಕಷ್ಟದ ಪ್ರಶ್ನೆ. ಪುಸ್ತಕದ ಚಿತ್ರ ನೋಡಿದ ಮಗು ತಟ್ಟೆಯ ಅಂಚಿಗೆ ಇಟ್ಟೀತು. ನಿಜವಾಗಿ ಹನ್ನೆರಡು ಮೀಟರ್ ನಡೆಯಬೇಕು. ಸೂರ್ಯ ಇರುವುದು 15 ಕೋಟಿ ಕಿಲೋಮೀಟರ್ ಆಚೆ. ಚಂದ್ರ ಮಾತ್ರ ಕಾಳಿನಿಂದ ಮೂರೇ ಸೆಂಟಿಮೀಟರ್. ಗುರುವಿಗೆ 60 ಮೀಟರ್, ನೆಪ್ಚೂನಿಗೆ 350 ಮೀಟರ್: ಅಷ್ಟರಲ್ಲಿ ಶಾಲೆಯ ಕಾಂಪೌಂಡು ಎಂದೋ ಹಿಂದಾಗಿರುತ್ತದೆ. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರವನ್ನು ಇದೇ ಅಳತೆಯಲ್ಲಿ ಇಡಲು ಕಾಶ್ಮೀರವನ್ನೂ ದಾಟಿ, ಮೂರು ಸಾವಿರ ಕಿಲೋಮೀಟರಿಗಿಂತ ದೂರ ಹೋಗಬೇಕು. ಗಾತ್ರ, ದೂರ ಎರಡನ್ನೂ ಸರಿಯಾಗಿ ತೋರಿಸುವ ಚಿತ್ರ ಪುಸ್ತಕದ ಪುಟದಲ್ಲಿ ಹಿಡಿಸುವುದೇ ಇಲ್ಲ. ಅದಕ್ಕೆ ಬಯಲೇ ಬೇಕು.

ಮಕ್ಕಳು ಖಾಲಿ ತಲೆಯಲ್ಲಿ ತರಗತಿಗೆ ಬರುವುದಿಲ್ಲ. ಸ್ಟೆಲ್ಲಾ ವೋಸ್ನಿಯಾಡೌ ಮತ್ತು ವಿಲಿಯಂ ಬ್ರೂವರ್ 1992ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಸೊಗಸಾಗಿ ತೋರಿಸಿತು. ಅಮೆರಿಕದ ಮಕ್ಕಳು ‘ಭೂಮಿ ಗುಂಡಗಿದೆ’ ಎಂದೇನೋ ಹೇಳುತ್ತಿದ್ದರು. ಕೆದಕಿ ಕೇಳಿದರೆ ಒಬ್ಬರ ಮನಸ್ಸಿನಲ್ಲಿ ರೊಟ್ಟಿಯಂಥ ಭೂಮಿ, ಇನ್ನೊಬ್ಬರಿಗೆ ಆಕಾಶದಲ್ಲೊಂದು ಗುಂಡನೆಯ ಭೂಮಿ, ಕಾಲಡಿಗೆ ಬೇರೊಂದು ಚಪ್ಪಟೆ ಭೂಮಿ. ಟೊಳ್ಳು ಗೋಳದ ಒಳಗೆ ನಾವಿದ್ದೇವೆ ಎಂದವರೂ ಇದ್ದರು. ಹೈದರಾಬಾದಿನ ಮಕ್ಕಳ ಕುರಿತು 1996ರಲ್ಲಿ ಬಂದ ಅಧ್ಯಯನದಲ್ಲಿ ಭೂಮಿ ನೀರಿನ ಮೇಲೆ ನಿಂತಿದೆ ಎಂದ ಮಕ್ಕಳು ಸಿಕ್ಕರು. ಇದು ದಡ್ಡತನವಲ್ಲ. ನೆಲ ಸಮತಟ್ಟಾಗಿ ಕಾಣುತ್ತದೆ, ಕೈಬಿಟ್ಟದ್ದು ಕೆಳಗೆ ಬೀಳುತ್ತದೆ. ಕಂಡದ್ದನ್ನೂ ಕೇಳಿದ್ದನ್ನೂ ಮಗು ತನ್ನಷ್ಟಕ್ಕೆ ಹೊಂದಿಸಿಕೊಂಡಿದೆ. ಆದ್ದರಿಂದ ಮೇಷ್ಟ್ರು ಮೊದಲು ಹೇಳುವುದಕ್ಕಿಂತ ಕೇಳುವುದು ಮೇಲು: ನೆಟ್ಟಗೆ ನಡೀತಾನೇ ಇದ್ರೆ ಎಲ್ಲಿಗೆ ಹೋಗ್ತೀಯಪ್ಪ?

ಮುಂಬೈನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ಶಮಿನ್ ಪಡಾಳ್ಕರ್ ಮತ್ತು ಜಯಶ್ರೀ ರಾಮದಾಸ್ ಖಗೋಳದ ಪಾಠಕ್ಕೆ ಕೈಸನ್ನೆ, ಮೈಚಲನೆಗಳನ್ನು ಬಳಸಿಕೊಂಡರು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿಯ ತರಗತಿಗೂ ಇದು ಒಗ್ಗುವಂಥದ್ದು. ಮಗುವೇ ಭೂಮಿ, ಅದರ ಮೂಗೇ ಕೆರಗೋಡು, ಎದುರಿಗೆ ಉರಿಯುವ ಬಲ್ಬು. ಮಗು ನಿಂತಲ್ಲೇ ಎಡಕ್ಕೆ ತಿರುಗಿದರೆ ಬಲ್ಬು ಬಲಕ್ಕೆ ಸರಿದು ಮರೆಯಾಗುತ್ತದೆ: ಸೂರ್ಯಾಸ್ತ. ತಿರುಗುತ್ತಲೇ ಇದ್ದರೆ ಎಡಗಡೆಯಿಂದ ಮತ್ತೆ ಕಾಣುತ್ತದೆ. ಬಲ್ಬು ಮಾತ್ರ ಇದ್ದಲ್ಲೇ ಇದೆ.

ಕೆರಗೋಡಿಗೆ ದಿಲ್ಲಿಗಿಲ್ಲದ ಒಂದು ಭಾಗ್ಯವೂ ಇದೆ. ಕರ್ಕಾಟಕ ವೃತ್ತದ ದಕ್ಷಿಣಕ್ಕಿರುವುದರಿಂದ ಇಲ್ಲಿ ವರ್ಷಕ್ಕೆರಡು ಬಾರಿ, ಏಪ್ರಿಲ್ 24 ಮತ್ತು ಆಗಸ್ಟ್ 19ರ ಆಸುಪಾಸಿನಲ್ಲಿ, ಸೂರ್ಯ ಸರಿಯಾಗಿ ನೆತ್ತಿಗೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಅದರ ಬುಡದಲ್ಲೇ ಅಡಗುತ್ತದೆ. ಅದೂ ಹನ್ನೆರಡಕ್ಕಲ್ಲ, ಹನ್ನೆರಡೂ ಇಪ್ಪತ್ತರ ಮೇಲೆ. ನಮ್ಮ ಗಡಿಯಾರ ನಡೆಯುವುದು ಪ್ರಯಾಗ್‌ರಾಜ್ ಹತ್ತಿರದ ರೇಖಾಂಶದ ಲೆಕ್ಕಕ್ಕೆ. ಭೂಮಿ ತಿರುಗಿ ಮಂಡ್ಯವನ್ನು ಸೂರ್ಯನ ಕೆಳಗೆ ತರಲು ಇನ್ನಷ್ಟು ನಿಮಿಷ ಬೇಕು.

ಏಪ್ರಿಲ್ 24ರಂದೇ ದಿಲ್ಲಿಯಲ್ಲಿ ಒಂದು ಮೀಟರ್ ಕೋಲಿಗೆ ನಡುಮಧ್ಯಾಹ್ನ ಸುಮಾರು 28 ಸೆಂಟಿಮೀಟರ್ ನೆರಳಿರುತ್ತದೆ. ನೆಲ ಚಪ್ಪಟೆಯಾಗಿದ್ದರೆ, ಅಷ್ಟು ದೂರದ ಸೂರ್ಯನ ಬೆಳಕಿಗೆ ಎರಡೂ ಊರಿನ ನೆರಳು ಒಂದೇ ಆಗಬೇಕಿತ್ತು. ಈ ನೆರಳಿನ ಲೆಕ್ಕದಲ್ಲಿ ಎರಡೂ ಊರುಗಳ ನಡುವಿನ ಕೋನ 16 ಡಿಗ್ರಿ, ಉತ್ತರ-ದಕ್ಷಿಣದ ಅಂತರ ಸುಮಾರು 1,780 ಕಿಲೋಮೀಟರ್. ದೊಡ್ಡ ತರಗತಿಯ ಅಕ್ಕ-ಅಣ್ಣಂದಿರು ಲೆಕ್ಕ ಹಾಕಿದರೆ ಭೂಮಿಯ ಸುತ್ತಳತೆ, 40,000 ಕಿಲೋಮೀಟರ್, ಕೈಗೆ ಬರುತ್ತದೆ.

ತೊಡಕು ಒಂದೇ. ಏಪ್ರಿಲ್‌ನಲ್ಲಿ ಬಿಸಿಲಿದ್ದರೂ ಶಾಲೆಗೆ ರಜೆ, ಆಗಸ್ಟ್‌ನಲ್ಲಿ ಶಾಲೆಯಿದ್ದರೂ ಮೋಡ. ಆಚೀಚೆಯ ಒಂದೆರಡು ದಿನವೂ ನೆರಳು ತೀರಾ ಚಿಕ್ಕದೇ. ಹಾಗಾಗಿ ಆಗಸ್ಟ್ 17ರಿಂದಲೇ ಕೋಲು ನೆಟ್ಟು, ದಿನವೂ ಸುಣ್ಣದಲ್ಲಿ ನೆರಳಿನ ತುದಿ ಗುರುತಿಸುತ್ತ ಬಂದರೆ ಒಂದು ದಿನ ಮೋಡ ಮುಸುಕಿದರೂ ಪಾಠ ಕೈತಪ್ಪುವುದಿಲ್ಲ.